ಚಿತ್ರತುರಗವೂ ದೂರದರ್ಶನವೂ

ಕೆಲವು ವರ್ಷಗಳ ಹಿಂದೆ ನಮ್ಮೂರಿನಲ್ಲಿ ಮಳೆ ಮಿತಿಮೀರಿ, ಬಡ ಮುದುಕಿಯೊಬ್ಬಳ ಮನೆಯ ಗೋಡೆ ಕುಸಿದುಬಿದ್ದಿತು. ಮರುದಿನ ವಾರ್ತಾವಾಹಿನಿಯೊಂದರವರು ಬಂದು ಆಕೆಯನ್ನು ಮಾತನಾಡಿಸಿದರು. ನಾನೂ ಅಲ್ಲಿಯೇ ನಿಂತಿದ್ದೆನು. ಆಕೆ ಮೊದಲು ಅತ್ತಳು. ಬಳಿಕ, ನೆರೆಮನೆಯವರು ರಾತ್ರಿಯೇ ತನ್ನನ್ನು ಕರೆದೊಯ್ದು ಅನ್ನವಿಕ್ಕಿದುದನ್ನು ಹೇಳಿ ಅವರನ್ನು ಹರಸಿದಳು. ಸಂಜೆ ದೂರದರ್ಶನದಲ್ಲಿ ಕಂಡುದು ಅಳು ಮಾತ್ರ. ಪರಊರಿನ ನೆಂಟರು, "ನಿಮ್ಮೂರಿನವರಿಗೆ ಕರುಣೆಯೇ ಇಲ್ಲವೇ?" ಎಂದು ನನ್ನನ್ನು ಕೇಳಿದರು. ನೆರೆಮನೆಯ ಗೃಹಿಣಿಯು ಬಂದು, "ಮೇಷ್ಟ್ರೇ, ಅವರು ತೋರಿಸಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಆದರೂ ನಮ್ಮ ಮೇಲೆ ಅಪವಾದ ಬಂತಲ್ಲ, ಅದು ಹೇಗೆ?" ಎಂದಳು. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನೇ ಇಲ್ಲಿ ವಾಚಕರ ಮುಂದಿಟ್ಟು ವಿಚಾರಮಾಡಲು ಯತ್ನಿಸುತ್ತೇನೆ.

ನಾಟ್ಯಶಾಸ್ತ್ರದ ಪ್ರಾಚೀನ ವ್ಯಾಖ್ಯಾತೃಗಳಲ್ಲಿ ಶ್ರೀಶಂಕುಕನೆಂಬವನ ಮತವೊಂದು ಅಭಿನವಗುಪ್ತನ 'ಅಭಿನವಭಾರತಿ'ಯ ಮೂಲಕ ನಮಗೆ ತಿಳಿದುಬಂದಿದೆ. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು ನಾವು 'ಇದು ಕುದುರೆ' ಎನ್ನುತ್ತೇವಷ್ಟೆ. ಈ ಅರಿವು ಯಥಾರ್ಥಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ, ಇವೆಲ್ಲಕ್ಕೂ ವಿಲಕ್ಷಣವಾದುದು. ನಟನಲ್ಲಿ ರಾಮನನ್ನು ಕಾಣುವ ಪ್ರೇಕ್ಷಕನ ಪ್ರತೀತಿಯೂ ಇಂತಹುದೇ ಎಂಬುದು ಅವನ ವಾದ. ಅಭಿನವಗುಪ್ತನು ಇದನ್ನು ಒಪ್ಪಲಿಲ್ಲ. ಆದರೂ ಆ ದೃಷ್ಟಾಂತದಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಚಿತ್ರದ ಕುದುರೆಯನ್ನು ನೋಡುವವನಿಗೆ ಗೋಡೆಯೂ ಕಾಣುತ್ತಿರುತ್ತದೆ, ನಾಟಕ ನೋಡುವವನಿಗೆ ರಂಗದ ಅರಿವಿರುತ್ತದೆ. ವಾರ್ತೆಯಲ್ಲಾದರೋ ಗೋಡೆಯೇ ಕಾಣದು. ಚಿತ್ರವನ್ನೇ ನಾವು ವಸ್ತುವೆಂದು ತಿಳಿಯುತ್ತೇವೆ.

ಆ ಕಾಣದ ಗೋಡೆ ಯಾವುದು? ಕ್ಯಾಮರಾವನ್ನು ಎಲ್ಲಿ ನಿಲ್ಲಿಸಬೇಕು, ಯಾವ ಮಾತನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂದು ಒಬ್ಬರು ಮಾಡಿದ ನಿರ್ಣಯಗಳೇ ಆ ಗೋಡೆ. ಮಾಧ್ಯಮಶಾಸ್ತ್ರಜ್ಞರು ಇದನ್ನು 'ರೆಪ್ರೆಸೆಂಟೇಷನ್' ಎನ್ನುತ್ತಾರೆ. ಈ ಇಂಗ್ಲಿಷ್ ಶಬ್ದಕ್ಕೆ ಎರಡು ಅರ್ಥಗಳುಂಟು: ಚಿತ್ರಿಸಿ ತೋರಿಸುವುದು ಒಂದು, ಮತ್ತೊಬ್ಬರ ಪರವಾಗಿ ನಿಲ್ಲುವುದು ಇನ್ನೊಂದು. ಮುದುಕಿಯನ್ನು ಲೋಕಕ್ಕೆ ತೋರಿಸಿದವನು, ಆಕೆ ನಿಯಮಿಸದಿದ್ದರೂ, ಆಕೆಯ ಪ್ರತಿನಿಧಿಯೇ ಆಗಿಬಿಟ್ಟನು. ಪ್ರತಿನಿಧಿಗೆ ಋಣವುಂಟು.

ಸಮಯವು ಪರಿಮಿತವಾಗಿರುವಾಗ ಎಲ್ಲವನ್ನೂ ತೋರಿಸಲಾದೀತೇ ಎಂದು ಕೇಳಬಹುದು. ಆಗದು, ಆರಿಸುವುದು ದೋಷವಲ್ಲ. ಬಿಟ್ಟ ಭಾಗದಿಂದ ಉಳಿದ ಭಾಗದ ಅರ್ಥ ಸಂಕ್ಷಿಪ್ತವಾದರೆ ಬಾಧಕವಿಲ್ಲ. ವಿಪರೀತವಾದರೆ ಅದು ಅನೃತ. ಧರ್ಮರಾಯನು ಅಶ್ವತ್ಥಾಮನ ಹೆಸರನ್ನು ಗಟ್ಟಿಯಾಗಿಯೂ ಆನೆಯೆಂಬ ಮಾತನ್ನು ಮೆಲ್ಲಗೂ ಆಡಿದಾಗ ಅವನ ಒಂದು ಶಬ್ದವೂ ಸುಳ್ಳಾಗಿರಲಿಲ್ಲ. ಆದರೂ ಅವನ ರಥ ನೆಲಕ್ಕಿಳಿಯಿತು.

ಪ್ರೇಕ್ಷಕನೇನು ಬರಿಯ ಪಾತ್ರೆಯೇ, ಸುರಿದುದನ್ನೆಲ್ಲ ತುಂಬಿಕೊಳ್ಳಲು ಎಂಬುದು ಮತ್ತೊಂದು ಆಕ್ಷೇಪ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಸ್ಟುವರ್ಟ್ ಹಾಲ್ ಎಂಬ ಪಂಡಿತರು 1973ರಲ್ಲಿ, ತೋರಿಸಿದ ಅರ್ಥವನ್ನು ಪ್ರೇಕ್ಷಕನು ಒಪ್ಪಬಹುದು, ಭಾಗಶಃ ಒಪ್ಪಿ ತನ್ನ ಅನುಭವಕ್ಕೆ ಹೊಂದಿಸಿಕೊಳ್ಳಬಹುದು, ಇಲ್ಲವೇ ವಿರೋಧಿಸಬಹುದು ಎಂದು ಪ್ರತಿಪಾದಿಸಿದರು. ಇದು ದಿಟ. ಆದರೆ ನಮ್ಮೂರಿನವರು ವಿರೋಧಿಸಲು ಶಕ್ತರಾದುದು ಕಣ್ಣಾರೆ ಕಂಡಿದ್ದರಿಂದ. ಪರಊರಿನ ನೆಂಟರಿಗೆ ಆ ಆಧಾರವೆಲ್ಲಿತ್ತು? ಪ್ರೇಕ್ಷಕನ ವಿವೇಕವೆಂಬುದು ತೋರಿಸುವವನ ಋಣವನ್ನು ತೀರಿಸಲಾರದು.

ಪ್ರಸಾರಕ್ಕೆ ಇಂಗ್ಲಿಷಿನಲ್ಲಿರುವ 'ಬ್ರಾಡ್‌ಕಾಸ್ಟ್' ಎಂಬ ಶಬ್ದವು ಮೊದಲು ಕೈಯಿಂದ ಬೀಜ ಚೆಲ್ಲಿ ಬಿತ್ತುವುದನ್ನು ಸೂಚಿಸುತ್ತಿತ್ತು. ನಮ್ಮ 'ಬಿತ್ತರ'ವು ಸಂಸ್ಕೃತದ ವಿಸ್ತರದಿಂದ ಬಂದುದಾದರೂ ಕಿವಿಗೆ 'ಬಿತ್ತು' ಎಂಬುದನ್ನೇ ನೆನಪಿಸುತ್ತದೆ. ಬಿತ್ತುವವನ ಕೈ ಅವನದೇ, ಹೊಲ ಯಾರದು? ಆಕಾಶತರಂಗಗಳು ಸಾರ್ವಜನಿಕರ ಸ್ವತ್ತೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. ಅನ್ಯರ ಹೊಲದಲ್ಲಿ ಬಿತ್ತುವವನು ಬೀಜವನ್ನು ಪರೀಕ್ಷಿಸಿಯೇ ಬಿತ್ತಬೇಕು.

ಇದು ಅಸಾಧ್ಯವಾದ ಆದರ್ಶವೇನಲ್ಲ. 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲುಪಿತು; ಅಂದಿನ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಅದೇ ಕಾಲದಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅಲ್ಲಿ ಹಳ್ಳಿಗರು ಕೇವಲ ನೋಡುವವರಾಗಿ ಉಳಿಯದೆ, ಕಾರ್ಯಕ್ರಮಗಳಲ್ಲಿ ಪಾಲ್ಗೊಂಡು ತಮ್ಮ ಕಷ್ಟಗಳನ್ನು ತಾವೇ ಹೇಳಿಕೊಂಡರು. ತೋರಿಸಲ್ಪಡುವವನಿಗೂ ಮಾತಿನ ಹಕ್ಕುಂಟೆಂದು ಆ ಪ್ರಯೋಗವು ತೋರಿಸಿಕೊಟ್ಟಿತು.

ಈಗ ಆ ಗೃಹಿಣಿಗೆ ನನ್ನ ಅಲ್ಪಮತಿಗೆ ತೋರಿದ ಉತ್ತರವನ್ನು ಹೇಳಬಲ್ಲೆನು. ತಾಯಿ, ಅವರು ತೋರಿಸಿದ ಕಣ್ಣೀರು ನಿಜ; ಆ ಕಣ್ಣೀರನ್ನು ಒರೆಸಿದ ಕೈಯೂ ಅಷ್ಟೇ ನಿಜ. ಕೈಯನ್ನು ಮರೆಮಾಡಿ ಕಣ್ಣೀರನ್ನಷ್ಟೇ ತೋರಿಸಿದಲ್ಲಿ ಅಸತ್ಯವು ಹುಟ್ಟಿತು. ಇನ್ನು ಮುಂದೆ ಪರಊರಿನ ಯಾರದಾದರೂ ಅಳುವನ್ನು ನಾವು ನೋಡುವಾಗ, ಅಲ್ಲಿಯೂ ನಿನ್ನಂತಹವಳೊಬ್ಬಳು ಚಿತ್ರದ ಹೊರಗೆ ನಿಂತಿರಬಹುದೆಂದು ನೆನೆಯೋಣ.