ಗಿಳಿಪಾಠ

"ಹಾಲು ಬೇಕಾ?" ಎಂದು ಅಮ್ಮ ಕೇಳುತ್ತಾಳೆ. ಎರಡೂವರೆ ವರ್ಷದ ಮಗು "ಹಾಲು ಬೇಕಾ" ಎನ್ನುತ್ತದೆ, ಅದೇ ರಾಗ, ಕೊನೆಯಲ್ಲಿ ಅದೇ ಏರುದನಿ. ಲೋಟ ಕೊಟ್ಟರೆ ಗಟಗಟ ಕುಡಿಯುತ್ತದೆ. ಬೆಳಿಗ್ಗೆ ಮೊಬೈಲಿನಲ್ಲಿ ಕೇಳಿದ ಜಾಹೀರಾತಿನ ಸಾಲೊಂದನ್ನು ರಾತ್ರಿ ಕಣ್ಣು ಮುಚ್ಚುವ ತನಕ ಹೇಳುತ್ತಲೇ ಇರುತ್ತದೆ. ಹೆಸರು ಕೇಳಿದರೆ ಮಾತ್ರ ಉತ್ತರವಿಲ್ಲ. ಇಂಥ ಮನೆಗಳಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. "ಮಾತು ಬರ್ತಿದೆಯಲ್ಲ, ಇನ್ನೇನು?" ಎನ್ನುವವರು ಒಂದು ಕಡೆ, "ಇದು ಮಾತಲ್ಲ, ಗಿಳಿಪಾಠ" ಎಂದು ಒಳಗೊಳಗೇ ಕುಸಿಯುವವರು ಇನ್ನೊಂದು ಕಡೆ. ಇವರ ಆತಂಕಕ್ಕೆ ವೈದ್ಯರು ಕೊಡಬೇಕಾದ ಉತ್ತರ ಒಂದಿದೆ, ಅದಕ್ಕೆ ಆಮೇಲೆ ಬರೋಣ. ಆದರೆ ಅದರ ತಳದಲ್ಲಿ ವೈದ್ಯರಿಗೆ ಸೇರದ ಪ್ರಶ್ನೆಯೊಂದು ಕೂತಿದೆ: ಅರ್ಥ ಬಿಡಿಸಿ ತಿಳಿಯದೆ, ಯಾರೋ ಆಡಿದ್ದನ್ನು ಇದ್ದ ಹಾಗೇ ಆಡಿದರೆ ಅದು ಮಾತೇ ಅಲ್ಲವೇ?

ನಮ್ಮಲ್ಲಿ ಈ ಪ್ರಶ್ನೆ ಬಲು ಹಳೆಯದು, ಆದರೆ ಅದನ್ನು ಕೇಳಿದ್ದು ಮಕ್ಕಳ ಬಗ್ಗೆ ಅಲ್ಲ, ಮಂತ್ರಗಳ ಬಗ್ಗೆ. ಮಂತ್ರಗಳಿಗೆ ಅರ್ಥವೇ ಇಲ್ಲ ಎಂದು ಕೌತ್ಸನೆಂಬವನು ವಾದಿಸಿದ್ದನ್ನು ಯಾಸ್ಕ, ವೇದದ ಪದಗಳ ಅರ್ಥ ಬಿಡಿಸುವ ತನ್ನ ನಿರುಕ್ತದ ಮೊದಲ ಅಧ್ಯಾಯದಲ್ಲೇ ಎತ್ತಿಕೊಳ್ಳುತ್ತಾನೆ. ಕೌತ್ಸ ಕೊಟ್ಟ ಕಾರಣಗಳಲ್ಲಿ ಒಂದು ಇಲ್ಲಿ ನಮಗೆ ಬೇಕಾದದ್ದು: ಮಂತ್ರದಲ್ಲಿ ಪದಗಳೂ ಗೊತ್ತಾದವು, ಅವುಗಳ ಕ್ರಮವೂ ಗೊತ್ತಾದದ್ದು, ಅತ್ತಿತ್ತ ಕದಲಿಸುವಂತಿಲ್ಲ. ಗಿಳಿಪಾಠ ಎಂದು ಮರುಗುವ ತಂದೆಯ ದೂರೂ ಅಕ್ಷರಶಃ ಇದೇ. ಯಾಸ್ಕನ ಉತ್ತರ ಸರಳವಾಗಿದೆ. ಲೋಕದ ಮಾತಿನಲ್ಲೂ ಕ್ರಮ ಕದಲದ ಜೋಡಿಗಳಿವೆ, ಅವಕ್ಕೆ ಅರ್ಥವಿಲ್ಲವೇ ಎಂದು ಅವನು ಕೇಳುತ್ತಾನೆ. ನಾವೂ ಅರಿಶಿನ-ಕುಂಕುಮ ಎನ್ನುತ್ತೇವೆ, ಕುಂಕುಮ-ಅರಿಶಿನ ಎನ್ನುವವರನ್ನು ಕಂಡವರಿಲ್ಲ. ಅಂದರೆ ಅಲುಗಾಡದ ತುಂಡು ಎಂಬ ಒಂದೇ ಕಾರಣಕ್ಕೆ ಮಾತನ್ನು ಪೊಳ್ಳೆನ್ನಲು ಬರುವುದಿಲ್ಲ. (ಸಹಸ್ರನಾಮದ ಒಂದೊಂದು ಹೆಸರಿಗೂ ಅರ್ಥ ಕೇಳಿದರೆ ತಡವರಿಸುವ ಹಿರಿಯರನ್ನು ಯಾರೂ ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ ಎಂಬುದೂ ನೆನಪಿರಲಿ.) ವೇದಪಾಠದ ಕ್ರಮವೇ ಇದಕ್ಕೆ ಸಾಕ್ಷಿ. ಹುಡುಗನ ಬಾಯಿಗೆ ಮೊದಲು ಬರುವುದು ಸಂಧಿಗಳೆಲ್ಲ ಬೆಸೆದುಕೊಂಡಿರುವ ಸಂಹಿತೆ. ಅದನ್ನು ಬಿಡಿಬಿಡಿ ಮಾಡುವ ಪದಪಾಠ ಆಮೇಲಿನದು. ಋಗ್ವೇದಕ್ಕೆ ಆ ಕೆಲಸ ಮಾಡಿದವನು ಶಾಕಲ್ಯ ಎನ್ನುತ್ತಾರೆ. ಪದಗಳನ್ನು ಹಿಂದುಮುಂದಾಗಿ ಹೆಣೆಯುವ ಜಟೆ, ಘನಗಳ ಸರದಿ ಇನ್ನೂ ಆಚೆ. ಇಡಿಯಾದದ್ದು ಮೊದಲು, ಕತ್ತರಿ ಆಮೇಲೆ.

ಇದನ್ನು ತತ್ತ್ವವಾಗಿ ನಿಲ್ಲಿಸಿದವನು ವೈಯಾಕರಣ ಭರ್ತೃಹರಿ. ಸುಮಾರು ಐದನೆಯ ಶತಮಾನದ ಅವನ ವಾಕ್ಯಪದೀಯದ ಪ್ರಕಾರ ಅರ್ಥದ ನಿಜವಾದ ಘಟಕ ಪದವಲ್ಲ, ವಾಕ್ಯ. ಪದಗಳೆಂಬುವು ನಮ್ಮ ಅನುಕೂಲಕ್ಕಾಗಿ ವಾಕ್ಯದಿಂದ ಬಿಡಿಸಿ ತೆಗೆದವು. ಅವನ ಶಬ್ದದಲ್ಲಿ ಅಪೋದ್ಧಾರ. ವೇದವಾಕ್ಯಗಳ ಅರ್ಥವಿಚಾರಕ್ಕೆ ನಿಂತ ಮೀಮಾಂಸಕರು ಮಗುವನ್ನೇ ಕಣ್ಣೆದುರು ಕೂರಿಸಿಕೊಂಡರು. ಹಿರಿಯನೊಬ್ಬ "ಹಸು ತಾ" ಎನ್ನುತ್ತಾನೆ, ಇನ್ನೊಬ್ಬ ಹೋಗಿ ತರುತ್ತಾನೆ. ಪಕ್ಕದಲ್ಲಿರುವ ಮಗು ನೋಡುತ್ತದೆ. ಆಗ ಅದಕ್ಕೆ ಸಿಕ್ಕುವುದು ಇಡೀ ಮಾತಿಗೆ ಇಡೀ ಕೆಲಸ, ಅಷ್ಟೇ. ಇನ್ನೊಮ್ಮೆ "ಹಸು ಕಟ್ಟು", ಮತ್ತೊಮ್ಮೆ "ಕುದುರೆ ತಾ" ಎಂಬುದು ಕಿವಿಗೆ ಬಿದ್ದಾಗ, ಯಾವುದು ಉಳಿಯಿತು, ಯಾವುದು ಹೋಯಿತು ಎಂದು ನೋಡಿ ಹಸುವನ್ನೂ ತರುವುದನ್ನೂ ಬೇರ್ಪಡಿಸಿಕೊಳ್ಳುತ್ತದೆ. ಅವರಲ್ಲೊಬ್ಬನಾದ ಪ್ರಭಾಕರ ಇದರಿಂದಲೇ ತನ್ನ ವಾದ ಕಟ್ಟಿದ: ಪದ ಒಂಟಿಯಾಗಿ ಅರ್ಥ ಹೊತ್ತು ಬರುವುದಿಲ್ಲ, ವಾಕ್ಯದೊಳಗಿನ ನಂಟಿನಲ್ಲೇ ಅದಕ್ಕೆ ಅರ್ಥ. ಇನ್ನೊಬ್ಬ ಮೀಮಾಂಸಕ ಕುಮಾರಿಲ ಒಪ್ಪಲಿಲ್ಲ, ಆ ಜಗಳ ಇಲ್ಲಿ ಬೇಡ. "ಹಾಲು ಬೇಕಾ" ಎನ್ನುವ ಮಗು ನಿಂತಿರುವುದು "ಹಸು ತಾ" ಎಂಬ ಮೊದಲ ಮೆಟ್ಟಿಲಿನಲ್ಲಿ. ಅದರ ಬಳಿ ವಾಕ್ಯವಿದೆ, ಸಂದರ್ಭವಿದೆ, ಕತ್ತರಿ ಇಲ್ಲ.

ಆಧುನಿಕ ವೈದ್ಯಕ್ಕೂ ಈ ದಾರಿ ನಡೆದೇ ತಿಳಿಯಬೇಕಾಯಿತು. ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವಿವರ ಪ್ರಕಟಿಸಿ ಇಂಥ ಮರುನುಡಿ ಹೆಚ್ಚಾಗಿ ಕಾಣುವ ಆಟಿಸಂಗೆ ಇಂದಿನ ರೂಪ ಕೊಟ್ಟಾಗ, ಅವರಲ್ಲಿ ಮಾತಾಡುತ್ತಿದ್ದ ಎಂಟು ಮಕ್ಕಳ ಮಾತು ಇನ್ನೊಬ್ಬರಿಗೆ ಅರ್ಥ ಮುಟ್ಟಿಸುವುದಕ್ಕಲ್ಲ ಎಂದೇ ತೀರ್ಮಾನಿಸಿದ್ದರು. ಮೂರೇ ವರ್ಷದಲ್ಲಿ, 1946ರ ಲೇಖನದಲ್ಲಿ, ಧಾಟಿ ಬದಲಾಯಿತು. ಒಬ್ಬ ಹುಡುಗ ಬಾಣಲೆಯಂಥದ್ದು ಕಂಡಾಗಲೆಲ್ಲ ಶಿಶುಗೀತೆಯ ಎರಡು ಶಬ್ದ ಹೇಳುತ್ತಿದ್ದ, ಕೇಳಿದವರಿಗೆ ತಲೆಬುಡವಿಲ್ಲ. ವಿಚಾರಿಸಿದರೆ, ಅವನು ಚಿಕ್ಕವನಿದ್ದಾಗ ತಾಯಿ ಆ ಗೀತೆ ಹೇಳುತ್ತಿದ್ದ ಹೊತ್ತಿನಲ್ಲಿ ಆಕೆಯ ಕೈಯಿಂದ ಪಾತ್ರೆ ಜಾರಿ ಬಿದ್ದಿತ್ತು. ಅವನ ಮಟ್ಟಿಗೆ ಆ ಶಬ್ದಗಳೇ ಬಾಣಲೆ. 1981ರಲ್ಲಿ ಸಂಶೋಧಕರಾದ ಪ್ರಿಜಾಂಟ್ ಮತ್ತು ಡುಖಾನ್ ನಾಲ್ಕು ಮಕ್ಕಳ ಮರುನುಡಿಗಳನ್ನು ವಿಡಿಯೊದಲ್ಲಿ ಹಿಡಿದು, ನೋಟ, ಕೈಸನ್ನೆ, ದನಿ ಸಹಿತ ಪರಿಶೀಲಿಸಿ ಏಳು ಬಗೆಗಳಾಗಿ ವಿಂಗಡಿಸಿದರು: ಹೌದೆಂಬ ಉತ್ತರ, ಬೇಡಿಕೆ, ಮಾತಿನ ಸರದಿ ಉಳಿಸಿಕೊಳ್ಳುವುದು, ತನ್ನನ್ನೇ ತಾನು ತಡೆದುಕೊಳ್ಳುವುದು ಹೀಗೆ. ಯಾವ ಗುರಿಯೂ ಕಾಣದ ಮರುನುಡಿ ಅದರಲ್ಲಿ ಒಂದು ಬಗೆ ಮಾತ್ರ. ಆದರೆ ಆ ಒಂದು ಬಗೆಯೂ ಇದೆ. ಪ್ರತಿಯೊಂದು ಪುನರುಕ್ತಿಗೂ ಗುಟ್ಟಿನ ಅರ್ಥ ಹುಡುಕಿ ದಣಿಯುವ ಪೋಷಕರಿಗೆ ಇದನ್ನೂ ಹೇಳಬೇಕು.

ಮಗುವನ್ನು ಮಂತ್ರಕ್ಕೆ ಹೋಲಿಸಿ ಕಷ್ಟಕ್ಕೆ ಪ್ರಭಾವಳಿ ಕಟ್ಟಬೇಡಿ ಎಂಬ ಆಕ್ಷೇಪ ಸಹಜ, ನ್ಯಾಯವೂ ಹೌದು. ಮಂತ್ರ ಹೇಳಿ ಮುಗಿಸಿದವನು ಎದ್ದು "ಸ್ವಲ್ಪ ನೀರು ಕೊಡಿ" ಎನ್ನಬಲ್ಲ. ಮಗುವಿಗೆ ಆ ಎರಡನೆಯ ಮಾತು ಇಲ್ಲ. ಇನ್ನೂ ಆಳದ ವ್ಯತ್ಯಾಸವೊಂದಿದೆ. ಮೀಮಾಂಸಕರ ಮಗು ಕಲಿಯುವುದು ಹಿರಿಯರ ಕಣ್ಣು ಹೋದ ಕಡೆ ತನ್ನ ಕಣ್ಣನ್ನೂ ಕಳುಹಿಸಿ. ಹಸುವನ್ನು ತಂದದ್ದನ್ನು ನೋಡದಿದ್ದರೆ ಇಡೀ ವಾದವೇ ನಿಲ್ಲುವುದಿಲ್ಲ. ಆಟಿಸಂ ಇರುವ ಅನೇಕ ಮಕ್ಕಳಲ್ಲಿ ತಡವಾಗುವುದು ಈ ಕೂಡುನೋಟವೇ. ಹಾಗಾಗಿ ಹಳೆಯ ಶಾಸ್ತ್ರದಲ್ಲಿ ಇದಕ್ಕೆ ಚಿಕಿತ್ಸೆ ಇದೆ ಎಂದು ನಾನು ಹೇಳುತ್ತಿಲ್ಲ. ಇಡಿ ವಾಕ್ಯದಿಂದ ಬಿಡಿಗೆ ಎಂಬ ಸೂತ್ರದ ಮೇಲೆ ಈಚೆಗೆ ಕಟ್ಟಿದ ಥೆರಪಿ ಪದ್ಧತಿಗೂ ಗಟ್ಟಿ ಪುರಾವೆ ಇನ್ನೂ ಸಾಲದು. ಶಾಸ್ತ್ರ ಕೊಡುವುದು ಇಷ್ಟನ್ನೇ: "ಅರ್ಥವಿದೆಯೇ?" ಎಂದು ಮಗುವಿನ ಮಾತನ್ನು ತಕ್ಕಡಿಗೆ ಹಾಕುವ ಬದಲು "ಈ ಮಾತು ಯಾವ ಹೊತ್ತಿನದು, ಆಗ ಏನು ನಡೆದಿತ್ತು?" ಎಂದು ಕೇಳುವ ಬುದ್ಧಿ.

ಅರ್ಥವಿದೆ ಎಂದಾದರೆ ಕಾಯೋಣವೇ? ಕೂಡದು. ಮರುನುಡಿಯುವುದು ಎರಡು ವರ್ಷದ ಆಸುಪಾಸಿನ ಬಹುಪಾಲು ಮಕ್ಕಳಲ್ಲಿ ಇರುತ್ತದೆ, ಮೂರರ ಹೊತ್ತಿಗೆ ತಗ್ಗುತ್ತದೆ. ತಡವಾಗಿ ಮಾತು ಬಂದ ಎಷ್ಟೋ ಮಕ್ಕಳು ಉಳಿದವರ ಸಮಕ್ಕೆ ಬರುತ್ತಾರೆ ಎಂಬುದೂ ನಿಜ. ಆದರೆ ಯಾವ ಮಗು ಹಾಗೆ ಬರುತ್ತದೆಂದು ಮೊದಲೇ ಹೇಳಬಲ್ಲವರಿಲ್ಲ. ಒಂದು ವರ್ಷಕ್ಕೆ ತೊದಲು, ಕೈಸನ್ನೆ ಇಲ್ಲದಿದ್ದರೆ, 16 ತಿಂಗಳಿಗೆ ಒಂದು ಪದವೂ 24 ತಿಂಗಳಿಗೆ ತಾನಾಗಿ ಜೋಡಿಸಿದ ಎರಡು ಪದವೂ ಬರದಿದ್ದರೆ, ಬಂದ ಮಾತು ಯಾವ ವಯಸ್ಸಿನಲ್ಲೇ ಹೋದರೂ ತಪಾಸಣೆ ಆಗಬೇಕು. ಮೊದಲ ಪರೀಕ್ಷೆ ಕಿವಿಯದು. ಎರಡು ಪದದ ಲೆಕ್ಕದಲ್ಲಿ ಕೇಳಿ ಹೇಳಿದ ಜೋಡಿಪದ ಸೇರುವುದಿಲ್ಲ. ಹಾಗಾದರೆ ನಿಮ್ಮ ವಾದ ಬಿದ್ದಂತೆಯೇ ಎಂದರೆ, ಇಲ್ಲ. ತಪಾಸಣೆ ಕೇಳುವುದು ಮಗುವಿಗೆ ನೆರವು ಬೇಕೇ ಎಂದು, ಅದರ ಮಾತು ಪೊಳ್ಳೇ ಎಂದಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸಕ್ಕೆ ನಿಂತಿದೆ. ಶಾರದೆಗೆ ಹರಕೆ ಹೊರುವವರು ಹೊರಲಿ, ಅದರಿಂದ ಯಾರ ದಾರಿಗೂ ಅಡ್ಡಿಯಿಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾ ಆರು ತಿಂಗಳು ಕಳೆಯುವುದು ಅಡ್ಡಿ.

ಕನ್ನಡದ ಮನೆಗಳಿಗೆ ಒಂದು ವಿಶೇಷ ತೊಡಕಿದೆ. ಇಂಗ್ಲಿಷಿನ ಮಗು ‘ನಾನು’ ಎನ್ನಬೇಕಾದಲ್ಲಿ ‘ನೀನು’ ಎಂದರೆ ಥಟ್ಟನೆ ಗೊತ್ತಾಗುತ್ತದೆ. ನಾವು ಸರ್ವನಾಮವನ್ನೇ ನುಂಗಿಬಿಡುವವರು. ಅದಲುಬದಲು ನಡೆಯುವುದು ಕ್ರಿಯಾಪದದ ಬಾಲದಲ್ಲಿ. "ಬರ್ತೀಯಾ?" ಎಂದರೆ ಮಗು "ಬರ್ತೀಯಾ" ಎನ್ನುತ್ತಲೇ ಚಪ್ಪಲಿಗೆ ಕಾಲು ತೂರಿಸುತ್ತದೆ. ಕಿವಿಗೆ ಅದು ಅಣಕ, ಕಾಲಿಗೆ ಅದು "ಬರ್ತೀನಿ". ಕಾಲನ್ನು ನಂಬಬೇಕು. ಥೆರಪಿಸ್ಟರು ಪ್ರಶ್ನೆ ಕಡಿಮೆ ಮಾಡಿ, ಮಗು ಹೇಳಬೇಕಾದ್ದನ್ನು ಮಗುವಿನ ಬಾಯಿಯಿಂದ ಬಂದಂತೆಯೇ ಹೇಳಿ ಎನ್ನುವುದು ಇದಕ್ಕೇ: "ಹಾಲು ಬೇಕಾ?" ಎಂಬುದರ ಬದಲು ಲೋಟ ಎತ್ತಿ ಹಿಡಿದು "ಹಾಲು ಬೇಕು". ಕೆಲವು ಮಕ್ಕಳಿಗೆ ಇದೂ ಒದಗುವುದಿಲ್ಲ. ಅವರಿಗೆ ಚಿತ್ರದ ಕಾರ್ಡು, ಕೈಸನ್ನೆಗಳೇ ವಾಕ್ಯ. ಉಳಿದವರಲ್ಲಿ ‘ಬೇಕಾ’ದ ಕೊನೆಯ ಆಕಾರ ಒಂದು ದಿನ ಕಳಚುತ್ತದೆ. ಆಮೇಲೆ ಯಾವಾಗಲೋ, ಬಿಸಿಲಲ್ಲಿ ಆಡಿ ಬಂದಾಗ, ಹಾಲಿನ ಜಾಗದಲ್ಲಿ ನೀರು ಬಂದು ಕೂರುತ್ತದೆ.