ಸಲಹೆ ಬರೆದವನ ಹೊಣೆ

ರೋಗಿಯ ವೃತ್ತಾಂತವನ್ನು ಕಾಗದದ ಮೇಲೆ ಬರೆದಿಡುತ್ತಿದ್ದ ಕಾಲದಲ್ಲಿ ಲೇಖನಿಯು ವೈದ್ಯನಿಗೆ ಏನನ್ನೂ ಹೇಳುತ್ತಿರಲಿಲ್ಲ. ಬರೆದವನು ವೈದ್ಯ, ತಪ್ಪಾದರೆ ಹೊಣೆ ಯಾರದೆಂಬುದರಲ್ಲಿ ಸಂದೇಹವಿರಲಿಲ್ಲ. ಆ ಕಡತದ ಸ್ಥಾನಕ್ಕೆ ಈಗ ಗಣಕಯಂತ್ರದ ಆರೋಗ್ಯ ದಾಖಲೆ ಬಂದಿದೆ. ಪೆನಿಸಿಲಿನ್ ಒಗ್ಗದ ರೋಗಿಗೆ ವೈದ್ಯನು ಮರೆತು ಅದೇ ವರ್ಗದ ಔಷಧವನ್ನು ಬರೆಯಹೊರಟರೆ ತೆರೆಯ ಮೇಲೆ ಕೂಡಲೇ ಎಚ್ಚರಿಕೆ ಮೂಡುತ್ತದೆ. ಜೀವರಕ್ಷಣೆಗೆ ಒದಗುವ ಗುಣವಿದು. ಆದರೆ ಸಲಹೆ ಕೊಡಬಲ್ಲ ಲೇಖನಿಯನ್ನು ರಚಿಸಿದವನು, ಬರಿಯ ಲೇಖನಿ ಮಾರಿದವನಂತೆ ಅದರ ಫಲದಿಂದ ದೂರ ನಿಲ್ಲಬಹುದೇ ಎಂಬುದು ವಿಚಾರಾರ್ಹ.

ಪ್ರಶ್ನೆ ಕಲ್ಪಿತವಾದುದಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಪ್ರಾಕ್ಟೀಸ್ ಫ್ಯೂಷನ್ ಎಂಬ ಸಂಸ್ಥೆ ಸಣ್ಣ ಚಿಕಿತ್ಸಾಲಯಗಳಿಗೆ ಇಂಥ ತಂತ್ರಾಂಶವನ್ನು ಬಹುಕಾಲ ಉಚಿತವಾಗಿ ನೀಡುತ್ತಿತ್ತು. ಅಫೀಮಿನ ವರ್ಗದ ನೋವುನಿವಾರಕಗಳನ್ನು ತಯಾರಿಸುವ ಕಂಪನಿಯೊಂದರಿಂದ ಅದು ಸುಮಾರು 10 ಲಕ್ಷ ಡಾಲರ್ ಪಡೆದು, ನೋವಿನ ಚಿಕಿತ್ಸೆಯ ಬಗೆಗೆ ವೈದ್ಯರ ತೆರೆಯ ಮೇಲೆ ಮೂಡುವ ಸಲಹೆಯನ್ನು ಆ ಕಂಪನಿಯ ಮಾರಾಟ ಹೆಚ್ಚುವಂತೆ ರೂಪಿಸಿತು. 2016ರಲ್ಲಿ ಆರಂಭವಾದ ಆ ಸಲಹೆ 2019ರವರೆಗೂ ನಡೆಯಿತು. ವ್ಯಸನಕ್ಕೆ ತುತ್ತಾಗಿ ಸಾವಿರಾರು ಜನ ಸಾಯುತ್ತಿದ್ದ ವರ್ಷಗಳವು. 2020ರ ಜನವರಿಯಲ್ಲಿ ಸಂಸ್ಥೆ ಮೊಕದ್ದಮೆಗಳ ಇತ್ಯರ್ಥಕ್ಕಾಗಿ 14.5 ಕೋಟಿ ಡಾಲರ್ ತೆರಲು ಒಪ್ಪಿತು. ಅದೇ ನವೆಂಬರಿನಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಈ ಸಂದಾಯವೂ ಸೇರಿದಂತೆ ಹಲವು ಅಪರಾಧಗಳನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ವೈದ್ಯನು ವೈದ್ಯಶಾಸ್ತ್ರದ ಮಾತೆಂದು ಓದಿದ್ದನ್ನು ಬರೆಸಿದ್ದು ವ್ಯಾಪಾರ.

ಇಂಥಲ್ಲಿ ತಂತ್ರಾಂಶ ರಚಿಸಿದವರು ಸಾಮಾನ್ಯವಾಗಿ ಕೊಡುವ ಸಮಾಧಾನ ಒಂದೇ: ಕೊನೆಯ ಸಹಿ ವೈದ್ಯನದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಈ ಸಮಾಧಾನಕ್ಕೆ ಅವಕಾಶ ಕೊಡುವುದಿಲ್ಲ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನೋವಚನಕಾಯಗಳು ಮೂರು, ಕೃತ, ಕಾರಿತ, ಅನುಮತ ಮೂರು, ಕಷಾಯಗಳು ನಾಲ್ಕು, ಗುಣಿಸಿದರೆ 108. ಜಪಮಾಲೆಯ ಮಣಿಗಳಿಗೂ ಈ ಲೆಕ್ಕವನ್ನೇ ಹೇಳುವುದುಂಟು. ಮಣಿ ಎಣಿಸುವ ಬೆರಳುಗಳಿಗೆ ಲೆಕ್ಕದ ಅರ್ಥ ಎಷ್ಟು ನೆನಪಿರುತ್ತದೆಯೋ ತಿಳಿಯದು. ಗಮನಿಸಬೇಕಾದದ್ದು ಮೊದಲನೆಯ ಮೂರು. ಕಾರ್ಯಕ್ಕೆ ತೊಡಗುವ ಮುನ್ನ ಸಂಕಲ್ಪವಿದೆ, ಸಾಧನ ಕೂಡಿಸುವುದಿದೆ. ಆಸ್ರವವು ಅಲ್ಲಿಯೇ ತೊಡಗುತ್ತದೆ. ಔಷಧಚೀಟಿ ಹೊರಬಂದದ್ದು ಆರಂಭವಾದರೆ, ಸಲಹೆಯ ಪದಗಳನ್ನು ತಂತ್ರಾಂಶದಲ್ಲಿ ಹೆಣೆದದ್ದು ಸಮಾರಂಭ, ಹಣದ ಮಾತಾದ ಕೋಣೆಯಲ್ಲಿ ನಡೆದದ್ದು ಸಂರಂಭ.

ಹಾಗೆಂದು ಎಲ್ಲರ ಪಾಲೂ ಸಮನಲ್ಲ. ಹಣ ಪಡೆದವನಲ್ಲಿ ಲೋಭವಿದೆ. ಯಾರ ಹಣವೆಂದು ತಿಳಿಯದೆ, ಮೇಲಿನವರು ಕೊಟ್ಟ ಕೆಲಸವೆಂದು ನಾಲ್ಕು ಸಾಲು ಬರೆದ ತರುಣನಲ್ಲಿ ಅದಿಲ್ಲ. ಬೆಂಗಳೂರಿನಲ್ಲಿ ಕುಳಿತು ಪರದೇಶದ ಆಸ್ಪತ್ರೆಗಳಿಗೆ ತಂತ್ರಾಂಶ ಬರೆಯುವ ಎಷ್ಟೋ ಶ್ರಾವಕ ಕುಟುಂಬಗಳ ಮಕ್ಕಳ ಸ್ಥಿತಿ ಇದೇ. ಆದರೆ ತಿಳಿಯದಿರುವುದು ಬೇರೆ, ಕೇಳದಿರುವುದು ಬೇರೆ. ಎರಡನೆಯದಕ್ಕೆ ಪ್ರಮಾದವೆಂದು ಹೆಸರು. ಹಿಂಸೆಯ ಲಕ್ಷಣ ಹೇಳುವಾಗ ಶಾಸ್ತ್ರವು ಮೊದಲು ಹಿಡಿಯುವುದೂ ಅದನ್ನೇ.

ಲೌಕಿಕ ನ್ಯಾಯವೂ ಒಮ್ಮೆ ಈ ಮಟ್ಟದವರೆಗೆ ಇಳಿದದ್ದುಂಟು. ಈಕ್ಲಿನಿಕಲ್‌ವರ್ಕ್ಸ್ ಎಂಬ ಕಂಪನಿಯ ತಂತ್ರಾಂಶ ಯಾವುದೇ ಔಷಧದ ಸಂಕೇತವನ್ನು ಪೂರ್ಣ ಭಂಡಾರದಿಂದ ಹುಡುಕಿ ಕೊಡಬೇಕಿತ್ತು. ಅದರ ಬದಲಿಗೆ ಪ್ರಮಾಣಪತ್ರದ ಪರೀಕ್ಷೆಯಲ್ಲಿ ಕೇಳುವ 16 ಸಂಕೇತಗಳನ್ನಷ್ಟೇ ಒಳಗೆ ಬರೆದಿಟ್ಟು ತೇರ್ಗಡೆ ಮಾಡಿಸಿದರೆಂಬುದು ಅಮೆರಿಕ ಸರ್ಕಾರದ ಆರೋಪ. ಇದನ್ನು ಹೊರಗೆಡಹಿದವನು ನ್ಯೂಯಾರ್ಕ್ ನಗರಾಡಳಿತದಲ್ಲಿ ಕೆಲಸಕ್ಕಿದ್ದ ತಂತ್ರಜ್ಞ. 2017ರಲ್ಲಿ ದೋಷವನ್ನೊಪ್ಪದೆಯೇ ರಾಜಿಯಾಯಿತು, ಮೊತ್ತ 15.5 ಕೋಟಿ ಡಾಲರ್. ವಿಶೇಷವೆಂದರೆ ತಂತ್ರಾಂಶ ಬರೆಯುವ ಒಬ್ಬ ನೌಕರ ಪ್ರತ್ಯೇಕವಾಗಿ 50,000 ಡಾಲರ್, ಇಬ್ಬರು ವ್ಯವಸ್ಥಾಪಕರು ತಲಾ 15,000 ಡಾಲರ್ ತೆರಬೇಕಾಯಿತು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಸುಳ್ಳುಪತ್ರ, ಸುಳ್ಳುಲೆಕ್ಕಗಳಿಗೆಂದು ಹೇಳಿದ ಆ ಮಾತಿಗೆ ಈ 16 ಸಂಕೇತಗಳಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಇನ್ನು ಅನುಮತದ ಮಾತು. ಅದು ಕೊಳ್ಳುವವರಿಗೆ ಸೇರಿದ್ದು. ಧರ್ಮಾರ್ಥ ಆಸ್ಪತ್ರೆಗಳನ್ನು ನಡೆಸುವ ಟ್ರಸ್ಟುಗಳು ತಂತ್ರಾಂಶ ಕೊಳ್ಳುವಾಗ ಬೆಲೆ ಕೇಳುತ್ತವೆ, ವೇಗ ಕೇಳುತ್ತವೆ, ಬಿಲ್ಲು ಸರಿಯಾಗಿ ಬರುವುದೇ ಎಂದು ಕೇಳುತ್ತವೆ. ತೆರೆಯ ಮೇಲಿನ ಸಲಹೆಯನ್ನು ರೂಪಿಸಿದವರು ಯಾರು, ಅದಕ್ಕೆ ಹಣ ಒದಗಿಸಿದವರು ಯಾರು ಎಂಬುದು ವೈದ್ಯನಿಗೆ ಕಾಣುವಂತಿರಬೇಕೆಂಬ ವಿಧಿಯು ಅಮೆರಿಕದ 2014ರ ಆವೃತ್ತಿಯ ಪ್ರಮಾಣೀಕರಣ ನಿಯಮಗಳಲ್ಲಿಯೇ ಇತ್ತು. ಅದೇ ಮಾತನ್ನು ಖರೀದಿಯ ಕರಾರಿನಲ್ಲಿ ಒಂದು ಷರತ್ತಾಗಿ ಬರೆಸುವುದಕ್ಕೆ ಟ್ರಸ್ಟಿಗೆ ಖರ್ಚೇನೂ ತಗಲದು. ಮಾರುವವನು ಆ ಷರತ್ತಿಗೆ ಹಿಂಜರಿದರೆ, ಕಾರಣವನ್ನು ಆಡಳಿತ ಮಂಡಳಿಯ ಸಭೆಯಲ್ಲಿಯೇ ಕೇಳಬಹುದು.