ಐದರಲ್ಲಿ ಒಂದು ಪಾಲು

ಸಕ್ಕರೆ ಕಾಯಿಲೆ ಹೊಕ್ಕ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. 'ಅಪ್ಪನಿಗಿತ್ತು, ನನಗೂ ಬಂತು, ಹಣೆಬರಹ' ಎಂಬುದು ಒಂದು. 'ಬಾಯಿ ಕಟ್ಟಿದ್ದರೆ ಬರುತ್ತಿತ್ತೇ?' ಎಂಬುದು ಇನ್ನೊಂದು. ಮೊದಲನೆಯದು ರೋಗಿಯ ಕೈ ಕಟ್ಟಿಹಾಕುತ್ತದೆ, ಎರಡನೆಯದು ಅವರನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಎರಡನ್ನೂ ಒಪ್ಪುವುದಿಲ್ಲ. ಯಾವ ಕೆಲಸ ಕೈಗೂಡಲಿಕ್ಕೂ ಅಲ್ಲಿ ಐದು ಕಾರಣಗಳಿವೆ: ನೆಲೆಯಾದ ದೇಹ, ಕರ್ತೃ, ಕರಣಗಳು, ಬಗೆಬಗೆಯ ಪ್ರಯತ್ನ, ಕೊನೆಗೆ ದೈವ. ದೈವಕ್ಕೆ ಪಾಲುಂಟು, ಆದರೆ ಐದರಲ್ಲಿ ಒಂದು. ಕರ್ತೃವಿಗೂ ಅಷ್ಟೇ. 'ನನ್ನ ಶುಗರ್ ನಾನು ನೋಡಿಕೊಳ್ಳಬಲ್ಲೆ' ಎಂಬ ಧೈರ್ಯಕ್ಕೆ ಇದಕ್ಕಿಂತ ಗಟ್ಟಿಯಾದ ನೆಲೆ ನನಗೆ ಕಾಣುತ್ತಿಲ್ಲ.

ಕರ್ತೃವಿನ ಪಾಲು ಬರಿಯ ಸಮಾಧಾನದ ಮಾತಲ್ಲ. ಅಮೆರಿಕ, ಕೆನಡಾಗಳಲ್ಲಿ ಟೈಪ್ 1 ಮಧುಮೇಹದ 1,441 ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಹಲವು ಸಲ ರಕ್ತ ನೋಡಿಕೊಂಡು ಇನ್ಸುಲಿನ್ ಹೊಂದಿಸಿಕೊಂಡವರಲ್ಲಿ ಕಣ್ಣಿನ ಪರದೆಯ ಹೊಸ ತೊಂದರೆಯ ಅಪಾಯ ಶೇ. 76ರಷ್ಟು ಇಳಿಯಿತು. ವೈದ್ಯರ ನೆರವು ಇದ್ದೇ ಇತ್ತು, ಆದರೆ ದಿನವೂ ಬೆರಳು ಚುಚ್ಚಿಕೊಂಡವರು ರೋಗಿಗಳೇ. ಅದೇ ಗುಂಪಿನಲ್ಲಿ ಸಕ್ಕರೆ ಅಪಾಯಕ್ಕೆ ಕುಸಿದದ್ದೂ ಸುಮಾರು ಮೂರು ಪಟ್ಟು ಹೆಚ್ಚು. ಹಾಗಾಗಿ ಇಲ್ಲಿ ಬೇಕಾದ ಧೈರ್ಯ ಹುಂಬತನವಲ್ಲ, ತಿಳಿವಳಿಕೆ ಬೆರೆತದ್ದು. ಅದು ಹೇಗೆ ಹುಟ್ಟುತ್ತದೆಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದರು: ಉಪದೇಶಕ್ಕಿಂತ ಬಲವಾದದ್ದು ತಾನೇ ಮಾಡಿ ಗೆದ್ದ ಅನುಭವ. ಕೈ ನಡುಗಿ ಬೆವರು ಕಿತ್ತಾಗ ಗಾಬರಿಯಾಗದೆ ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ಮೀಟರಿನಲ್ಲಿ 62 ಕಂಡು, ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿದು, ಹದಿನೈದು ನಿಮಿಷ ಕಾದು ಮತ್ತೆ ನೋಡಿ 90 ಕಂಡ ಹೆಂಗಸಿಗೆ ಆಮೇಲೆ ಯಾರೂ ಧೈರ್ಯ ಹೇಳಬೇಕಾಗಿಲ್ಲ. ಮುಂದಿನ ಸಲ ಅವಳು ಒಬ್ಬಳೇ ಬಸ್ಸು ಹತ್ತುತ್ತಾಳೆ, ಚೀಲದಲ್ಲಿ ಸಕ್ಕರೆ ಪೊಟ್ಟಣ ಇಟ್ಟುಕೊಂಡು. ನೆಮ್ಮದಿಯೆಂದರೆ ನನ್ನ ಮಟ್ಟಿಗೆ ಇದೇ.

ಧೈರ್ಯವಿದ್ದವರ ಸಕ್ಕರೆ ಹತೋಟಿಯಲ್ಲಿರುವುದಲ್ಲ, ಹತೋಟಿಯಲ್ಲಿರುವವರಿಗೇ ಧೈರ್ಯ ಬರುವುದು ಎಂದು ಯಾರಾದರೂ ಕೇಳಬಹುದು. ಎರಡೂ ನಿಜ, ಒಂದು ಇನ್ನೊಂದನ್ನು ಬೆಳೆಸುತ್ತದೆ. ಆದ್ದರಿಂದಲೇ ಮೊದಲ ಗೆಲುವು ಚಿಕ್ಕದಿರಬೇಕು: ಎರಡು ಮುದ್ದೆಯ ಬದಲು ಒಂದು, ಊಟದ ಮೇಲೆ ಹತ್ತು ನಿಮಿಷ ನಡಿಗೆ. ಇದಕ್ಕಿಂತ ಭಾರವಾದ ಆಕ್ಷೇಪ ಬೇರೆ ಇದೆ. ಎಲ್ಲವೂ ನಿನ್ನ ಕೈಯಲ್ಲಿದೆ ಎಂದರೆ ಸೋಲೂ ನಿನ್ನದೇ ಎಂದಂತಾಗುವುದಿಲ್ಲವೇ? ಪಡಿತರದ ಅಕ್ಕಿಯೇ ಊಟವಾದವರಿಗೆ, ರಾತ್ರಿ ಪಾಳಿಯ ಕಾವಲುಗಾರರಿಗೆ, ಮೀಟರಿನ ಸ್ಟ್ರಿಪ್ ಕೊಳ್ಳಲು ಲೆಕ್ಕ ಹಾಕುವವರಿಗೆ ಆ ಮಾತು ಕ್ರೌರ್ಯವೇ ಸರಿ. ಕರಣಗಳೂ ಒಂದು ಕಾರಣವೆಂದು ಗೀತೆ ಎಣಿಸಿದೆ. ಸ್ಟ್ರಿಪ್ಪು, ಔಷಧಿ, ಬಿಡುವು ಇವೇ ಇಲ್ಲಿನ ಕರಣಗಳು, ಅವನ್ನು ಒದಗಿಸುವ ಹೊಣೆ ಸಮಾಜದ್ದು. ತಾನೊಬ್ಬನೇ ಕರ್ತೃ ಎಂದುಕೊಳ್ಳುವುದನ್ನು ಅದೇ ಅಧ್ಯಾಯ ಅವಿವೇಕವೆನ್ನುತ್ತದೆ. ಆ ಮಾತನ್ನು ಅಹಂಕಾರಿಗೆ ಕೊಟ್ಟ ಎಚ್ಚರಿಕೆಯೆಂದೇ ಓದುತ್ತೇವೆ. ತಪ್ಪಿತಸ್ಥನೆಂದು ಕೊರಗುವವನಿಗೆ ಅದು ಬಿಡುಗಡೆಯೂ ಹೌದು. ಪಥ್ಯ ತಪ್ಪದಿದ್ದರೂ ಜ್ವರ ಬಂದರೆ ಸಕ್ಕರೆ ಏರುತ್ತದೆ. ಹಾಗೆ ಏರಿದ ಬೆಳಿಗ್ಗೆ, ಸಕ್ಕರೆ ಬರೆದಿಡುವ ಪುಸ್ತಕದಲ್ಲಿ 210ರ ಪಕ್ಕ 'ಜ್ವರ' ಎಂದಷ್ಟೇ ಬರೆದು, ತಲೆ ತಗ್ಗಿಸದೆ ಅದನ್ನು ವೈದ್ಯರ ಮುಂದಿಡಬಹುದು.